ಕೆಲಸ ಬಿಟ್ಟ ಕಿಡ್ನಿ

ಡಯಾಲಿಸಿಸ್ ಶುರುವಾದ ಮೇಲೆ ಮನೆಯಲ್ಲಿ ಕಿಡ್ನಿಯ ಮಾತೇ ಕಡಿಮೆಯಾಗುತ್ತದೆ. ಮಾತೆಲ್ಲ ಡಯಾಲಿಸಿಸ್ ಸೂಜಿ ಚುಚ್ಚಲು ತೋಳಿನಲ್ಲಿ ಮಾಡಿದ ಫಿಸ್ಟುಲಾದ್ದು, ಕುಡಿಯುವ ನೀರಿನ ಅಳತೆಯದ್ದು, ವಾರಕ್ಕೆ ಮೂರು ಸಲ ನಾಲ್ಕು ತಾಸು ಮಲಗುವುದರದ್ದು. ಸೋತ ಕಿಡ್ನಿಗಳು ಬೆನ್ನಿನೊಳಗೆ ತಮ್ಮ ಜಾಗದಲ್ಲೇ ಇರುತ್ತವೆ. ಕಸಿ ಮಾಡುವಾಗಲೂ ಸಾಮಾನ್ಯವಾಗಿ ಅವನ್ನು ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ. ದುಡಿಮೆ ನಿಲ್ಲಿಸಿದ್ದನ್ನು ನಾವು ಎಷ್ಟು ಬೇಗ ಲೆಕ್ಕದಿಂದ ಬಿಡುತ್ತೇವೆ!

ಚೆನ್ನಾಗಿದ್ದ ದಿನಗಳಲ್ಲಿ ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತಿತ್ತು. ಸೋತ ಮೇಲೆ ಹರಿವು ತಗ್ಗುತ್ತದೆ, ಕಿಡ್ನಿ ಮುದುಡುತ್ತದೆ. ಆದರೂ ರಕ್ತ ಬರುವುದು ನಿಲ್ಲುವುದಿಲ್ಲ. ವರ್ಷಗಳು ಕಳೆದಂತೆ ಮುದುಡಿದ ಆ ಕಿಡ್ನಿಯಲ್ಲಿ ನೀರುಗುಳ್ಳೆಗಳು ಏಳಬಹುದು. 1977ರಲ್ಲಿ ಡನಿಲ್ ಮತ್ತು ಸಂಗಡಿಗರು ಇದನ್ನು ಡಯಾಲಿಸಿಸ್ ರೋಗಿಗಳಲ್ಲಿ ಗುರುತಿಸಿ ಬರೆದರು. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಅಪರೂಪಕ್ಕೆ ಒಬ್ಬರಲ್ಲಿ ಗುಳ್ಳೆಯ ಗೋಡೆಯ ತೆಳು ನಾಳ ಒಡೆದು, ಪೆಟ್ಟು ಬೀಳದೆಯೂ ಕಿಡ್ನಿಯ ಸುತ್ತ ರಕ್ತ ತುಂಬಿಕೊಳ್ಳುತ್ತದೆ. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಇಂಥ ಹೊತ್ತಿನಲ್ಲಿ ಸೋರಿಕೆಯನ್ನು ಇನ್ನಷ್ಟು ಸಲೀಸು ಮಾಡುತ್ತದೆ.

ಹೀಗೆ ತಾನಾಗಿ ಆಗುವ ರಕ್ತಸ್ರಾವಕ್ಕೆ ವುಂಡರ್‌ಲಿಶ್ ಎಂಬ ಜರ್ಮನ್ ವೈದ್ಯನ ಹೆಸರಿದೆ. ಆತ ಇದನ್ನು ವಿವರಿಸಿದ್ದು 1856ರಲ್ಲಿ, ಡಯಾಲಿಸಿಸ್ ಯಂತ್ರ ಯಾರ ಕನಸಿನಲ್ಲೂ ಇಲ್ಲದಾಗ. ರೋಗಿಯ ಜ್ವರವನ್ನು ದಿನದಿನವೂ ಅಳೆದು ಬರೆದಿಡುವ ಪದ್ಧತಿಯನ್ನು ನೆಲೆಗೊಳಿಸಿದವನೂ ಇವನೇ.

ಆದರೆ ಈ ರಕ್ತ ಯಾವ ಅಳತೆಗೂ ಬೇಗ ಸಿಗುವುದಿಲ್ಲ. ಮೂತ್ರವೇ ಬಾರದವರಲ್ಲಿ ಮೂತ್ರ ಕೆಂಪಾಗುವುದೆಲ್ಲಿಂದ? ಪಕ್ಕೆ ಹಿಡಿದರೆ ನಾಲ್ಕು ತಾಸು ಮಲಗಿದ್ದರ ಫಲ ಎನ್ನುತ್ತೇವೆ. ಬಿಪಿ ಇಳಿದರೆ ಇವತ್ತು ನೀರು ಜಾಸ್ತಿ ತೆಗೆದರು ಎನ್ನುತ್ತೇವೆ. ಎರಡೂ ಬಹಳ ಸಲ ನಿಜವಾಗಿರುವುದೇ ತೊಡಕು. ಹಠಾತ್ತನೆ ಒಂದೇ ಪಕ್ಕೆಯಲ್ಲಿ ತೀವ್ರ ನೋವು ಎದ್ದು, ಬೆವರಿ, ತಲೆ ಸುತ್ತಿ, ಹಿಮೋಗ್ಲೋಬಿನ್ ಕುಸಿದಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಲು ತಡಮಾಡಬಾರದು. ನೋವಿನ ಮಾತ್ರೆ ನುಂಗಿ ಮುಂದಿನ ಸರದಿವರೆಗೆ ಸಹಿಸಿಕೊಳ್ಳುವವರ ತಾಳ್ಮೆ ನನಗೆ ಭಯ ಹುಟ್ಟಿಸುತ್ತದೆ.

ಸ್ರಾವ ನಿಲ್ಲದಿದ್ದರೆ ತೊಡೆಯ ಸಂದಿನಿಂದ ಸಣ್ಣ ಕೊಳವೆ ತೂರಿಸಿ, ಒಸರುವ ನಾಳಕ್ಕೆ ಲೋಹದ ಸುರುಳಿ ತುಂಬಿ ಮುಚ್ಚುತ್ತಾರೆ. ಅದೂ ಸಾಲದಿದ್ದರೆ ಕಿಡ್ನಿಯನ್ನೇ ತೆಗೆಯುತ್ತಾರೆ. ದುಡಿಯುವ ಕಿಡ್ನಿಯಾದರೆ ಉಳಿದ ಭಾಗವನ್ನು ಕಾಪಾಡಲು ವೈದ್ಯರು ಹೆಣಗಬೇಕು. ಇಲ್ಲಿ ಆ ಹಂಗಿಲ್ಲ, ಬೇಕಾದರೆ ಮುಖ್ಯ ನಾಳವನ್ನೇ ಮುಚ್ಚಬಹುದು. ಆಮೇಲಿನ ಡಯಾಲಿಸಿಸ್ ಕೆಲಕಾಲ ಹೆಪಾರಿನ್ ಇಲ್ಲದೆ ನಡೆಯುತ್ತದೆ.