ಭಯವು ಭಕ್ತಿಗೆ ಕುಂದೇ?

ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಜೀರ್ಣೋದ್ಧಾರ ಸಮಿತಿಯ ಹಿರಿಯರು ಕೇಳಿದಾಗ, ದೇವೀಮಾಹಾತ್ಮ್ಯವನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದು ನಾನು ಮೊದಲು ಎಣಿಸಿದ್ದೆನು. ಆದರೆ ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಅನೇಕರಿರುವರು. ನಾನು ಬಲ್ಲ ವಿಷಯ ಬೇರೊಂದುಂಟು. ಅದನ್ನು ಕಲಿಸಿದ ಗುರು ನನ್ನ ಎಡಗೈ. ಆದುದರಿಂದ ವಾಚಕ ಮಹಾಶಯರು ಒಬ್ಬ ರೋಗಿಯ ಮಾತೆಂದು ತಾಳ್ಮೆಯಿಂದ ಓದಬೇಕಾಗಿ ಪ್ರಾರ್ಥಿಸುತ್ತೇನೆ.

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತನಾದ ಮೇಲೆ ಮನೆಯ ಮಗ್ಗಕ್ಕೆ ಮರಳಿದವನು ನಾನು. ಮೂರು ವರ್ಷಗಳ ಹಿಂದೆ ಕಾರ್ತಿಕ ಮಾಸದ ಒಂದು ಬೆಳಗ್ಗೆ ಮಗ್ಗದ ಕುಳಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದಾಗ ಎಡಗೈಯು ಜಾರಿ ತೊಡೆಯ ಮೇಲೆ ಬಿದ್ದಿತು. ಎತ್ತಲು ಹೋದರೆ ಅದು ಬೇರೊಬ್ಬರ ಕೈಯಂತಿತ್ತು. ಮನೆಯವಳನ್ನು ಕೂಗಿದೆನು, ಬಾಯಿಂದ ಹೊರಟದ್ದು ಅವಳ ಹೆಸರಲ್ಲ, ಅರ್ಥವಿಲ್ಲದ ಒಂದು ಸದ್ದು. ನಮ್ಮ ಹಿರಿಯರು ಲಕ್ವವೆಂದೂ, ನೆರೆಹೊರೆಯ ತಮಿಳರು ಪಕ್ಕವಾದಮೆಂದೂ, ವೈದ್ಯಶಾಸ್ತ್ರವು ಪಕ್ಷಾಘಾತವೆಂದೂ, ಈಗಿನ ಮಕ್ಕಳು ಸ್ಟ್ರೋಕ್ ಎಂದೂ ಕರೆಯುವ ರೋಗ ಅದು. ಕೂಡಿದ ಜನರಲ್ಲಿ ಒಬ್ಬರು ಪಾರಿವಾಳದ ರಕ್ತವನ್ನು ತಿಕ್ಕಬೇಕೆಂದರು. ಇನ್ನೊಬ್ಬರು ಮಂತ್ರಿಸಿದ ನೀರನ್ನು ತರಲು ಓಡಿದರು. ನನ್ನ ಮಗಳು ಯಾರ ಮಾತನ್ನೂ ಕೇಳದೆ 108ಕ್ಕೆ ಹೇಳಿ ವಾಹನವನ್ನು ತರಿಸಿ ನನ್ನನ್ನು ಸೇಲಂ ನಗರದ ಆಸ್ಪತ್ರೆಗೆ ಸೇರಿಸಿದಳು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ, ಅಥವಾ ನಾಳವು ಒಡೆದು ರಕ್ತ ಸುರಿದಿದೆಯೇ ಎಂಬುದನ್ನು ಸ್ಕ್ಯಾನ್ ಮಾಡಿ ನೋಡಿದಲ್ಲದೆ ಯಾವ ವೈದ್ಯನೂ ಹೇಳಲಾರನು. ಹೆಪ್ಪುಗಟ್ಟಿದ್ದಾದರೆ ಅದನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡತಕ್ಕದ್ದು. ನಾನು ಆ ಅವಧಿಯೊಳಗೆ ತಲುಪಿದ್ದೆನು. ಪಾರಿವಾಳಕ್ಕಾಗಿ ಕಾದಿದ್ದರೆ ಈ ಲೇಖನವಿರುತ್ತಿರಲಿಲ್ಲ.

ಮಾತು ಮರಳಿತು, ಕಾಲು ಮರಳಿತು, ಕೈಯು ಮುಕ್ಕಾಲು ಪಾಲು ಮರಳಿತು. ಎಲ್ಲರೂ ಅಮ್ಮನ ಕೃಪೆಯೆಂದರು, ನಾನೂ ಹಾಗೆಯೇ ಎಂದೆನು. ಆದರೆ ಯಾರೂ ನನಗೆ ಮುಂಚಿತವಾಗಿ ಹೇಳದಿದ್ದ ಸಂಗತಿಯೊಂದು ಅನಂತರ ಮೊದಲಾಯಿತು.

ಮನೆಗೆ ಬಂದು ನಲವತ್ತು ದಿನಗಳಾಗಿದ್ದುವು. ನಡುರಾತ್ರಿ ಎಚ್ಚರವಾಯಿತು. ಎದೆಯು ಮಗ್ಗದ ಹಲಗೆಯಂತೆ ಬಡಿಯುತ್ತಿತ್ತು. ಉಸಿರು ಸಾಲದು, ಬೆರಳುಗಳ ತುದಿ ಜುಮುಜುಮು ಎನ್ನುತ್ತಿದೆ, ತುಟಿಗಳು ಮರಗಟ್ಟಿವೆ, ಗೋಡೆ ತಿರುಗುತ್ತಿದೆ. 'ಮತ್ತೆ ಬಂದಿತು, ಈ ಸಲ ಉಳಿಯುವುದಿಲ್ಲ' ಎಂದುಕೊಂಡೆನು. ಮನೆಮಂದಿಯೆಲ್ಲ ಎದ್ದು, ಬಾಡಿಗೆಯ ಗಾಡಿ ಹಿಡಿದು, ಆಸ್ಪತ್ರೆಗೆ ಓಡಿದೆವು. ಅವರು ಎಲ್ಲ ಪರೀಕ್ಷೆಗಳನ್ನೂ ಮಾಡಿ, ಹೊಸದಾಗಿ ಏನೂ ಆಗಿಲ್ಲವೆಂದು ಬೆಳಗಿನ ಜಾವ ಕಳುಹಿಸಿದರು. ಆ ವರ್ಷದಲ್ಲಿ ಇಂಥ ಓಟ ಹನ್ನೊಂದು ಸಲ ನಡೆಯಿತು. ಹತ್ತನೆಯ ಸಲ ನನ್ನ ಮೊಮ್ಮಗನು ನಿದ್ದೆಗಣ್ಣಿನಲ್ಲಿ ಚಪ್ಪಲಿಯನ್ನು ಹುಡುಕಿ ನನ್ನ ಕಾಲಿಗೆ ತೊಡಿಸುತ್ತಿದ್ದುದನ್ನು ನೋಡಿದಾಗ ಆದ ನಾಚಿಕೆ, ರೋಗದಿಂದ ಆದ ನೋವಿಗಿಂತ ಹೆಚ್ಚಿನದು.

ನಾಚಿಕೆಗೆ ಬೇರೆ ಕಾರಣವೂ ಇತ್ತು. ನಮ್ಮ ಕನ್ನಡ ದೇವಾಂಗ ಕುಲದಲ್ಲಿ ಚೌಡೇಶ್ವರಿಯ ಉತ್ಸವದ ದಿನ ಕತ್ತಿ ಹಾಕುವ ಸೇವೆಯುಂಟೆಂಬುದು ಈ ಜಿಲ್ಲೆಗಳವರಿಗೆ ತಿಳಿಯದ ವಿಷಯವಲ್ಲ. ಯೌವನದಲ್ಲಿ ನಾನೂ ವೀರಕುಮಾರರ ಸಾಲಿನಲ್ಲಿ ನಿಂತು, ಎದೆಯ ಮೇಲೆ ಅಲಗನ್ನು ಬೀಸಿಕೊಂಡು ಅಮ್ಮನನ್ನು ಕರೆದವನು. ರಕ್ತ ಹರಿಯುವಾಗ ಹೆದರದ ಎದೆಯು ಈಗ ತನ್ನ ಬಡಿತವನ್ನು ಕೇಳಿ ತಾನೇ ಹೆದರುವುದೆಂದರೇನು? ಊರಿನ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ, 'ಅಮ್ಮನನ್ನು ನಂಬಿದವನಿಗೆ ಹೆದರಿಕೆಯೆಲ್ಲಿಯದಪ್ಪಾ? ಎಲ್ಲಿಯೋ ನಂಬಿಕೆ ಸಡಿಲಿದೆ' ಎಂದರು. ಆ ಮಾತು ನನ್ನೊಳಗೆ ಮುಳ್ಳಾಗಿ ಮುರಿಯಿತು. ಭಯವು ಭಕ್ತಿಗೆ ಕುಂದೇ ಎಂಬ ಪ್ರಶ್ನೆಯನ್ನು ನಾನು ಎತ್ತಿಕೊಂಡದ್ದು ಪಾಂಡಿತ್ಯಕ್ಕಾಗಿ ಅಲ್ಲ.

ಮೊದಲು ಭಯವೆಂದರೇನೆಂಬುದನ್ನು ವಿಚಾರಿಸೋಣ. ಹನ್ನೊಂದನೆಯ ಸಲ ಆಸ್ಪತ್ರೆಯಲ್ಲಿ ನನ್ನನ್ನು ಕಂಡ ಕಿರಿಯ ವೈದ್ಯೆಯೊಬ್ಬರು ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ ತಿಳಿಯಹೇಳಿದರು. ಹುಲಿಯನ್ನು ಕಂಡಾಗ ಓಡುವುದಕ್ಕೆ ಬೇಕಾದ ಸಿದ್ಧತೆಯನ್ನು ದೇಹವು ನಮ್ಮ ಅಪ್ಪಣೆಯನ್ನು ಕೇಳದೆ ಮಾಡಿಕೊಳ್ಳುವುದು. ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸುರಿಯುವುದು, ಎದೆ ಬಡಿಯುವುದು, ಉಸಿರು ಬಿರುಸಾಗುವುದು. ಓಡದೆ ಹಾಸಿಗೆಯಲ್ಲಿಯೇ ಬಿರುಸಾಗಿ ಉಸಿರಾಡಿದರೆ ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡು ಕುಗ್ಗುವುದು. ಬೆರಳುಗಳ ಜುಮುಜುಮು, ತುಟಿಯ ಮರಗಟ್ಟುವಿಕೆ, ತಲೆ ತಿರುಗುವಿಕೆ ಎಲ್ಲವೂ ಅದರಿಂದಲೇ. ಒಮ್ಮೆ ಪಕ್ಷಾಘಾತವನ್ನು ಕಂಡವನು ಈ ಗುರುತುಗಳನ್ನು ಕಂಡೊಡನೆ ರೋಗವು ಮರಳಿತೆಂದು ತಿಳಿಯುವನು. ತಿಳಿದೊಡನೆ ಭಯ ಹೆಚ್ಚುವುದು. ಭಯ ಹೆಚ್ಚಿದೊಡನೆ ಉಸಿರು ಇನ್ನೂ ಬಿರುಸಾಗುವುದು. ಗಾಣದ ಎತ್ತು ತಿರುಗಿದಂತೆ ಇದು ತಿರುಗುವುದು. ಸಾಮಾನ್ಯವಾಗಿ ಹತ್ತು ನಿಮಿಷಗಳಲ್ಲಿ ಶಿಖರಕ್ಕೇರಿ, ಅನಂತರ ತಾನಾಗಿಯೇ ಇಳಿಯುವುದು. ಪಕ್ಷಾಘಾತವಾದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಇಂಥ ಆತಂಕಕ್ಕೆ ಒಳಗಾಗುವರೆಂದು ಆಕೆ ಹೇಳಿದಾಗ, ಆ ಒಂದು ವರ್ಷದಲ್ಲಿ ಮೊದಲ ಬಾರಿಗೆ ನಾನು ಒಂಟಿಯಲ್ಲವೆನಿಸಿತು.

ಮನೆಗೆ ಬಂದು ಗೀತೆಯನ್ನು ತೆರೆದೆನು. ಮೊದಲನೆಯ ಅಧ್ಯಾಯವನ್ನು ಅಷ್ಟು ವರ್ಷ ಪಾರಾಯಣ ಮಾಡಿದ್ದರೂ ಅದನ್ನು ಓದಿರಲಿಲ್ಲವೆಂದೇ ಹೇಳಬೇಕು. ಅರ್ಜುನನು ತನ್ನ ದೇಹಸ್ಥಿತಿಯನ್ನು ತಾನೇ ವರ್ಣಿಸಿಕೊಳ್ಳುವನು: ಅಂಗಗಳು ಕುಸಿಯುತ್ತಿವೆ, ಬಾಯಿ ಒಣಗಿದೆ, ಮೈ ನಡುಗುತ್ತಿದೆ, ಚರ್ಮವು ಉರಿಯುತ್ತಿದೆ, ನಿಲ್ಲಲಾರೆನು, ತಲೆ ತಿರುಗುತ್ತಿದೆ, ಗಾಂಡೀವವು ಕೈಯಿಂದ ಜಾರುತ್ತಿದೆ. ನನ್ನ ನಡುರಾತ್ರಿಯ ಅವಸ್ಥೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ವೈದ್ಯನೂ ಬರೆಯಲಾರನು. ಅವನ ಚಿಂತೆಯು ತನ್ನ ಪ್ರಾಣದ್ದಲ್ಲ, ಬಂಧುಗಳದ್ದು ಎಂಬ ಭೇದವನ್ನು ನಾನು ಮರೆಯುವುದಿಲ್ಲ. ಆದರೆ ದೇಹವು ಆ ಭೇದವನ್ನು ಅರಿಯದು. ಅರ್ಜುನನು ಹೇಡಿಯೇ? ಅವನು ಭಕ್ತನಲ್ಲವೇ? ಶ್ರೀಕೃಷ್ಣನು ಅವನ ಎದುರಿನಲ್ಲಿಯೇ, ಒಂದೇ ರಥದಲ್ಲಿ ಕುಳಿತಿದ್ದನಲ್ಲವೇ? ದೇವರು ಅಷ್ಟು ಹತ್ತಿರದಲ್ಲಿದ್ದರೂ ಮೈ ನಡುಗಿತು.

'ಶ್ರೀಕೃಷ್ಣನು ಅವನನ್ನು ಗದರಿಸಲಿಲ್ಲವೇ?' ಎಂದು ಕೇಳುವವರುಂಟು. ನಿಜ, ಎರಡನೆಯ ಅಧ್ಯಾಯದ ಮೊದಲಿನಲ್ಲಿ ಈ ದೌರ್ಬಲ್ಯ ನಿನಗೆ ತಕ್ಕುದಲ್ಲವೆಂದು ಗದರಿಸಿದನು. ಆದರೆ ಆ ಗದರಿಕೆಯ ಫಲವೇನಾಯಿತೆಂಬುದನ್ನು ನೋಡಬೇಕು. ಅರ್ಜುನನು ಮತ್ತೆ ಅದೇ ದುಃಖವನ್ನು ತೋಡಿಕೊಂಡು, ಯುದ್ಧ ಮಾಡುವುದಿಲ್ಲವೆಂದು ಹೇಳಿ ಸುಮ್ಮನಾದನು. ಭಗವಂತನ ಗದರಿಕೆಯೇ ಫಲಿಸಲಿಲ್ಲ! ಆಗ ಅವನು ನಗುವವನಂತಾಗಿ, ಕುಳಿತು, ಹದಿನೆಂಟನೆಯ ಅಧ್ಯಾಯದ ಕೊನೆಯವರೆಗೆ ಮಾತನಾಡಿದನು. ಹೆದರಿದವನನ್ನು ಗದರಿಸಿ ಸರಿಮಾಡಲು ಹೊರಡುವ ನಮ್ಮ ಬಂಧುಗಳು ಈ ಸಂದರ್ಭವನ್ನು ಒಮ್ಮೆ ಓದಿದರೆ ಒಳ್ಳೆಯದು.

ಆ ಅಧ್ಯಾಯದ ಹೆಸರು ವಿಷಾದಯೋಗ. ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲೆಲ್ಲ ವಿಷಾದವೇ ಮುಖ್ಯವಾದುದೆಂದು ಚರಕಸಂಹಿತೆಯು ಹೇಳುವುದು. ವಾತವನ್ನು ಕೆರಳಿಸುವ ಕಾರಣಗಳ ಸಾಲಿನಲ್ಲಿ ಭಯವನ್ನೂ ಸೇರಿಸುವುದು. ಅಂದರೆ ಭಯವನ್ನು ನಮ್ಮ ಪೂರ್ವಿಕರು ಚಿಕಿತ್ಸೆಯ ವಿಷಯವೆಂದು ತಿಳಿದಿದ್ದರೇ ಹೊರತು ಪಾಪವೆಂದಲ್ಲ. ವಾತರೋಗದಿಂದ ನರಳುತ್ತಿದ್ದ ಮೇಲ್ಪುತ್ತೂರು ನಾರಾಯಣ ಭಟ್ಟತಿರಿಯವರು ಹದಿನಾರನೆಯ ಶತಮಾನದಲ್ಲಿ ಗುರುವಾಯೂರಿನಲ್ಲಿ ನಾರಾಯಣೀಯವನ್ನು ರಚಿಸಿದಾಗ, ದಶಕ ದಶಕದ ಕೊನೆಗೂ ತಮ್ಮ ರೋಗವನ್ನು ಕಳೆಯೆಂದು ಬೇಡಿದರು. ನೂರು ದಶಕಗಳು! ಅಷ್ಟು ಸಲ ಬೇಡಿದವರನ್ನು ನಂಬಿಕೆಯಿಲ್ಲದವರೆಂದು ಯಾರೂ ಹೇಳಿಲ್ಲ.

ಇನ್ನೂ ಹತ್ತಿರದ ನಿದರ್ಶನವಿದೆ. ನಾನಿರುವಾಗ ಭಯವೇಕೆ ಎಂದು ಮುರುಗನ ಪಟದ ಕೆಳಗೆ ತಮಿಳಿನಲ್ಲಿ ಬರೆದಿರುವುದನ್ನು ನಮ್ಮ ಸೀಮೆಯಲ್ಲಿ ಓದದವರಿಲ್ಲ. ಲಾರಿಗಳ ಮೇಲೆಯೂ ಅದುಂಟು. ನಮ್ಮ ದೇವತೆಗಳ ಕೈಗಳಲ್ಲಿ ಒಂದು ಕೈ ಅಭಯಹಸ್ತ. ಬರುವವರು ಯಾರೂ ಹೆದರದವರೇ ಆಗಿದ್ದರೆ, ಶಿಲ್ಪಿಯು ಆ ಕೈಯನ್ನು ಏತಕ್ಕಾಗಿ ಎತ್ತಿಸಿದನು? ಹಸಿದವನಿಗೆ ಅನ್ನವಿಡುವಂತೆ ಹೆದರಿದವನಿಗೆ ಆ ಕೈಯನ್ನು ತೋರಿಸಿರುವುದು. ಹಸಿವು ಅನ್ನಪೂರ್ಣೆಗೆ ಅಪಚಾರವಲ್ಲ.

ಹಾಗಾದರೆ ನನ್ನಲ್ಲಿ ಯಾವ ಕುಂದೂ ಇರಲಿಲ್ಲವೇ? ಇತ್ತು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ರಕ್ತದ ಒತ್ತಡವನ್ನು ಅಳೆಯುವ ಯಂತ್ರವೊಂದನ್ನು ಕೊಂಡಿದ್ದೆನು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡೆಂದು ವೈದ್ಯರು ಹೇಳಿದ್ದರು. ನಾನು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದೆನು. ಹೆದರಿ ಅಳೆದರೆ ಹೆಚ್ಚು ತೋರುವುದು, ಹೆಚ್ಚು ತೋರಿದರೆ ಮತ್ತೆ ಅಳೆಯುವುದು. ತ್ರಿಕಾಲ ಸಂಧ್ಯೆಯನ್ನು ಬಿಟ್ಟವನು ವಿಂಶತಿಕಾಲ ಯಂತ್ರಪೂಜೆಗೆ ನಿಂತಿದ್ದೆನು. ಯಾರಿಗಾದರೂ ಲಕ್ವ ಹೊಡೆದ ಸುದ್ದಿ ಬಂದರೆ ಆ ಬೀದಿಯಲ್ಲಿ ಹಾಯುತ್ತಿರಲಿಲ್ಲ. ಜನಜಂಗುಳಿಯಲ್ಲಿ ಬಿದ್ದೇನೆಂದು ದೇವಾಲಯಕ್ಕೆ ಹೋಗುವುದನ್ನೇ ಬಿಟ್ಟೆನು. ಮನೆಯವಳು ತವರಿನ ಮದುವೆಗೂ ಹೋಗಲಿಲ್ಲ. ಭಯ ಬಂದುದು ನನ್ನ ತಪ್ಪಲ್ಲ. ಅದಕ್ಕೆ ಮನೆಯವರನ್ನೆಲ್ಲ ಆಳುಗಳನ್ನಾಗಿ ಮಾಡಿದ್ದು ನನ್ನ ತಪ್ಪು. ಧರ್ಮಪುರಿಯು ಹಿಂದೆ ತಗಡೂರು ಆಗಿದ್ದಾಗ ಅಲ್ಲಿಯ ಅರಸ ಅದಿಯಮಾನನು, ದೀರ್ಘಾಯುಸ್ಸನ್ನು ಕೊಡುವ ನೆಲ್ಲಿಕಾಯಿ ತನ್ನ ಕೈಗೆ ದೊರೆತಾಗ, ತಾನು ತಿನ್ನದೆ ಔವೈಯಾರಿಗೆ ಕೊಟ್ಟನೆಂಬ ಕಥೆಯನ್ನು ನಾನು ಎಷ್ಟೋ ತರಗತಿಗಳ ಮಕ್ಕಳಿಗೆ ಹೇಳಿದ್ದೆನು. ನನ್ನ ಕೈಯ ನೆಲ್ಲಿಕಾಯಿಯನ್ನು ಮಾತ್ರ ಯಾರೂ ಕಸಿದುಕೊಳ್ಳದಂತೆ ಮುಷ್ಟಿ ಹಿಡಿದು ಕುಳಿತಿದ್ದೆನು, ತಿನ್ನಲೂ ಇಲ್ಲ.

ಆದರೆ ಎಚ್ಚರವು ಬೇರೆ, ಭಯವು ಬೇರೆ. ಈ ಮಾತನ್ನು ತಪ್ಪಾಗಿ ತಿಳಿಯಬಾರದು. ಮುಖವು ಒಂದು ಕಡೆಗೆ ಸೊಟ್ಟಗಾದರೆ, ಒಂದೇ ಪಕ್ಕದ ಕೈ ಅಥವಾ ಕಾಲು ಬಲಗುಂದಿದರೆ, ಮಾತು ತೊದಲಿದರೆ, ಥಟ್ಟನೆ ಕಣ್ಣು ಮಸುಕಾದರೆ, ನಡಿಗೆ ತಪ್ಪಿದರೆ, ಸಿಡಿಲಿನಂಥ ತಲೆನೋವು ಬಂದರೆ, ಭಯವೋ ರೋಗವೋ ಎಂದು ತರ್ಕಿಸುತ್ತ ಕುಳಿತಿರಬಾರದು. ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ಆ ಲಕ್ಷಣಗಳು ಹತ್ತು ನಿಮಿಷಗಳಲ್ಲಿ ತಾವಾಗಿಯೇ ಮಾಯವಾದರೂ ಹೋಗಲೇಬೇಕು, ಅವು ಮುಂದೆ ಬರುವ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು. ಎದೆನೋವಿಗೂ ಇದೇ ಮಾತು. ನನ್ನದು ಭಯವೆಂದು ನಿರ್ಣಯಿಸಿದವರು ಪರೀಕ್ಷಿಸಿ ನೋಡಿದ ವೈದ್ಯರೇ ಹೊರತು ನಾನಲ್ಲ. ಒತ್ತಡದ ಮಾತ್ರೆ, ರಕ್ತ ಹೆಪ್ಪುಗಟ್ಟದಿರುವ ಮಾತ್ರೆಗಳನ್ನು ಒಂದು ದಿನವೂ ಬಿಡಕೂಡದು.

ಆ ವೈದ್ಯೆಯ ಸಲಹೆಯಂತೆ ನಾನೂ ನನ್ನ ಮನೆಯವಳೂ ಒಂದು ಒಪ್ಪಂದ ಮಾಡಿಕೊಂಡೆವು. ರಾತ್ರಿ ಭಯ ಹಿಡಿದರೆ ಅವಳು ದೀಪ ಹಚ್ಚಿ ನನ್ನ ಮುಖವನ್ನು ನೋಡುವಳು, ನಗೆನ್ನುವಳು, ಎರಡು ಕೈಗಳನ್ನೂ ಎತ್ತಿಸುವಳು, ಮೊಮ್ಮಕ್ಕಳ ಹೆಸರುಗಳನ್ನು ಹೇಳಿಸುವಳು. ಯಾವುದರಲ್ಲಾದರೂ ವ್ಯತ್ಯಾಸ ಕಂಡರೆ 108. ಇಲ್ಲವಾದರೆ ಕುಳಿತು ಜಪ. ಜಪವೆಂದರೆ ನಿಧಾನವಾಗಿ, ಒಂದು ಉಸಿರು ಹೊರಹೋಗುವಷ್ಟು ದೀರ್ಘವಾಗಿ. ಇಟಲಿಯ ವೈದ್ಯರು 23 ಮಂದಿ ಆರೋಗ್ಯವಂತರ ಮೇಲೆ ಪರೀಕ್ಷಿಸಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಬೌದ್ಧರ ಮಂತ್ರವಾಗಲಿ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸುವುದೆಂದು 2001ರಲ್ಲಿ ಪ್ರಕಟಿಸಿದರಂತೆ. ಅಮ್ಮನ ನಾಮವು ಅದಕ್ಕಿಂತ ಕಡಿಮೆಯಾಗಲಾರದೆಂದು ನನ್ನ ನಂಬಿಕೆ, ಇದನ್ನು ಯಾರೂ ಅಳೆದಿಲ್ಲ.

ಮಾನಸಿಕ ವೈದ್ಯರಲ್ಲಿಗೂ ಹೋದೆನು. ಬೀದಿಯವರು ಏನೆನ್ನುವರೋ ಎಂಬ ಅಳುಕು ಇದ್ದೇ ಇತ್ತು. ಈಗ 14416ಕ್ಕೆ ಫೋನು ಮಾಡಿ ಮನೆಯಿಂದಲೇ ಮಾತನಾಡಬಹುದು, ಕೇಂದ್ರ ಸರ್ಕಾರವು 2022ರಲ್ಲಿ ಏರ್ಪಡಿಸಿದ್ದು. ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 2021ರ ಆಗಸ್ಟಿನಲ್ಲಿ ಮೊದಲಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯ ಹೆಣ್ಣುಮಕ್ಕಳು ಒತ್ತಡದ ಮಾತ್ರೆಗಳನ್ನು ಬಾಗಿಲಿಗೇ ತಂದುಕೊಡುವರು, ಕೈಗೆ ವ್ಯಾಯಾಮ ಹೇಳಿಕೊಡುವವರೂ ಬರುವರು. ಮಾನಸಿಕ ವೈದ್ಯರು ನನಗೆ ಕೊಟ್ಟ ಮುಖ್ಯ ಔಷಧವು ನಡಿಗೆ. ಹೆದರಿ ಬಿಟ್ಟ ಸ್ಥಳಗಳಿಗೆ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಬೇಕು; ಅಲ್ಲಿ ಭಯ ಬಂದರೆ ಓಡದೆ, ಅದು ಇಳಿಯುವವರೆಗೆ ನಿಲ್ಲಬೇಕು. ಮೊದಲ ವಾರ ಬೀದಿಯ ದೀಪದ ಕಂಬದವರೆಗೆ, ಮರುವಾರ ಬಾವಿಯವರೆಗೆ, ಹೀಗೆ.

ದೇವಾಲಯದ ಬಾಗಿಲನ್ನು ತಲುಪುವ ಹೊತ್ತಿಗೆ ಇಲ್ಲಿ ಜೀರ್ಣೋದ್ಧಾರ ಪ್ರಾರಂಭವಾಗಿತ್ತು. ಗರ್ಭಗುಡಿಗೆ ಸಾರುವೆ ಕಟ್ಟಿದ್ದರು, ಅಮ್ಮನ ಶಕ್ತಿಯನ್ನು ಬಾಲಾಲಯದಲ್ಲಿ ಆವಾಹನೆ ಮಾಡಿದ್ದರು. ಉತ್ಸವವಿಲ್ಲ, ಮೆರವಣಿಗೆಯಿಲ್ಲ; ಒಂದು ಸಣ್ಣ ಪಟ, ಒಂದು ದೀಪ, ತಪ್ಪದ ನಿತ್ಯಪೂಜೆ. ಅಲ್ಲಿ ನಿಂತು ಬಹಳ ಹೊತ್ತು ನೋಡಿದೆನು. ಒಡೆದ ಗೋಡೆಗಳ ನಡುವೆ ಅಮ್ಮನಿಗೇ ಇಷ್ಟು ಸಣ್ಣ ಮನೆ ಸಾಕಾಗಿದೆ. ಎದೆ ಬಡಿಯತೊಡಗಿತು, ಕಂಬವನ್ನು ಹಿಡಿದುಕೊಂಡು ನಿಂತೆನು. ಹೂವಿನಂಗಡಿಯವಳು ಸ್ಟೂಲು ತಂದಿಟ್ಟಳು. ಕೂರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಡಿತ ಇಳಿಯಿತು.

ಈಗಲೂ ತಿಂಗಳಿಗೊಮ್ಮೆಯಾದರೂ ಆ ರಾತ್ರಿ ಬರುತ್ತದೆ. ಕಳೆದ ಅಮಾವಾಸ್ಯೆಯಂದು ಬಂದಾಗ ಮನೆಯವಳು ದೀಪ ಹಚ್ಚಿ, ಕೈ ಎತ್ತಿಸಿ, ಹೆಸರು ಹೇಳಿಸಿ, 'ಸರಿ, ಜಪ ಮಾಡಿ' ಎಂದು ಮಗ್ಗುಲಾದಳು; ಮೂರು ನಿಮಿಷದಲ್ಲಿ ಗೊರಕೆ ಕೇಳಿಸಿತು. ಕುಂಭಾಭಿಷೇಕದ ದಿನದ ಜನಸಂದಣಿಯನ್ನು ನೆನೆದರೆ ಅಂಗೈ ಬೆವರುತ್ತದೆ. ಧ್ವಜಸ್ತಂಭದ ಬಳಿ, ಬಲಗಡೆಯ ಎರಡನೆಯ ಕಂಬದ ಹತ್ತಿರ ನಾನು ನಿಂತಿರುವೆನು. ನನ್ನಂಥವರು ಯಾರಾದರೂ ಈ ಊರಿನಲ್ಲಿದ್ದರೆ ಅಲ್ಲಿಗೆ ಬರಲಿ, ಕಂಬವು ದೊಡ್ಡದಾಗಿದೆ.