ಸಮಾನತೆಯೂ ನ್ಯಾಯವೂ ಒಂದೆಯೋ?

ನೆಲಮಂಗಲ ತಾಲೂಕಿನ ಶಿವಗಂಗೆಯ ಬೆಟ್ಟವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅದರ ಬಂಡೆಗಳಲ್ಲಿ ಮೆಟ್ಟಲುಗಳನ್ನು ಕಡಿದಿದ್ದಾರೆ. ಕಡಿದಾದ ಸ್ಥಳಗಳಲ್ಲಿ ಹಿಡಿದುಕೊಳ್ಳುವದಕ್ಕೆ ಕಬ್ಬಿಣದ ಕಂಬಿಗಳನ್ನು ನಿಲ್ಲಿಸಿದ್ದಾರೆ. ಆ ಕಂಬಿಯನ್ನು ಹಿಡಿದು ತುದಿಯನ್ನು ಮುಟ್ಟಿದವನನ್ನು ನೋಡಿ, ಇವನು ಬೆಟ್ಟವನ್ನು ಹತ್ತಲೇ ಇಲ್ಲವೆಂದು ಹೇಳುವವರು ಯಾರೂ ಇಲ್ಲ. ಹೀಗಿರಲಾಗಿ ಪಾಠಶಾಲೆಯ ವಿಷಯದಲ್ಲಿ ಮಾತ್ರ ನಾವು ಬೇರೆ ವಿಧವಾಗಿ ಮಾತಾಡುವದು ಯಾಕೆ?

ಕಣ್ಣು ಕಾಣದ ಒಬ್ಬ ಹುಡುಗಿಯು ಪರೀಕ್ಷೆಗೆ ಕೂತಿದ್ದಾಳೆಂದು ಎಣಿಸಿಕೊಳ್ಳಿರಿ. ಅವಳು ಹೇಳಿದ್ದನ್ನು ಬರೆಯುವದಕ್ಕೆ ಒಬ್ಬನನ್ನು ನೇಮಿಸಿ, ಹೆಚ್ಚು ಸಮಯವನ್ನೂ ಕೊಡುತ್ತಾರೆ. ಕೂಡಲೇ ನೆರೆಯವನೊಬ್ಬನು, ನನ್ನ ಮಗನಿಗೆ ಮೂರು ತಾಸು, ಅವಳಿಗೆ ನಾಲ್ಕು ತಾಸು. ಇದು ಪಕ್ಷಪಾತವಲ್ಲವೇ ಎಂದು ಕೇಳುವನು. ಈ ಪ್ರಶ್ನೆಯನ್ನು ತಿರಸ್ಕರಿಸಬಾರದು. ನ್ಯಾಯದ ಮೇಲಣ ಪ್ರೀತಿಯಿಂದಲೂ ಅದು ಹುಟ್ಟಬಹುದು. ಆದರೆ ಪರೀಕ್ಷೆಯು ಯಾವದನ್ನು ಅಳೆಯಬೇಕು? ಆ ಮಗುವಿನ ತಿಳುವಳಿಕೆಯನ್ನೋ, ಅವಳ ಕಣ್ಣುಗಳನ್ನೋ? ತಿಳುವಳಿಕೆಯನ್ನೇ ಎಂದಾದರೆ, ಅದು ಹೊರಗೆ ಬರುವ ದಾರಿಯಲ್ಲಿರುವ ಅಡ್ಡಿಯನ್ನು ತೆಗೆಯದೆ ಅಳೆದದ್ದು ಸುಳ್ಳಳತೆಯೇ ಸರಿ. ಎಲ್ಲರಿಗೂ ಒಂದೇ ಅಳತೆಯ ಅಂಗಿಯನ್ನು ಹೊಲಿಸುವವನು ಸಮಾನವಾಗಿ ಹಂಚಿದನು, ನಿಜ. ಆದರೆ ಎಲ್ಲರ ಮೈಯನ್ನು ಮುಚ್ಚಲಿಲ್ಲ.

ನಮ್ಮ ದೇಶದ ಕಾನೂನು ಸಹ ಈ ಮಾತನ್ನು ಒಪ್ಪಿಕೊಂಡಿದೆ. 1995ನೇ ಇಸವಿಯ ಕಾಯಿದೆಯು ಏಳು ವಿಧದ ಅಂಗವೈಕಲ್ಯಗಳನ್ನು ಮಾತ್ರ ಎಣಿಸಿತ್ತು. 2016ರ ಕಾಯಿದೆಯು 21 ವಿಧಗಳನ್ನು ಎಣಿಸುತ್ತದೆ. ನೂರಕ್ಕೆ 40 ಅಥವಾ ಹೆಚ್ಚು ಅಂಗವೈಕಲ್ಯವುಳ್ಳ ಮಗುವಿಗೆ ಆರರಿಂದ ಹದಿನೆಂಟು ವರುಷದ ವರೆಗೆ, ನೆರೆಯ ಶಾಲೆಯಲ್ಲಾಗಲಿ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕು ಉಂಟು. ಬರೆಯುವಾಗ ಕೈ ಸೆಟೆದುಕೊಳ್ಳುವ ಒಬ್ಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ, ವೈಕಲ್ಯವು 40ಕ್ಕೆ ಕಡಿಮೆಯಾಗಿದೆ ಎಂಬ ಮಾತ್ರದಿಂದ ಬರಹಗಾರನನ್ನು ನಿರಾಕರಿಸಕೂಡದೆಂದು ಸುಪ್ರೀಂ ಕೋರ್ಟು 2021ನೇ ಇಸವಿ ಫೆಬ್ರವರಿ 11ರಂದು ತೀರ್ಪುಕೊಟ್ಟಿತು. ಶಾಲೆಗೆ ಸೇರಿಸಿಕೊಳ್ಳುವದರಲ್ಲಿಯೂ ಸೌಕರ್ಯಗಳಲ್ಲಿಯೂ ತೊಂದರೆಯಾದರೆ ವಿಚಾರಿಸುವದಕ್ಕೆ ಜಿಲ್ಲಾ ಶಿಕ್ಷಣಾಧಿಕಾರಿಯ ಕಛೇರಿಯಲ್ಲಿ ಒಬ್ಬ ಅಧಿಕಾರಿಯು ಇರತಕ್ಕದ್ದೆಂದು 2017ರ ನಿಯಮಗಳು ಹೇಳುತ್ತವೆ. ಆದಕಾರಣ ಹೆತ್ತವರು ಭಿಕ್ಷೆ ಬೇಡುವವರಂತೆ ಅಲ್ಲ, ಸಲ್ಲತಕ್ಕದ್ದನ್ನು ಕೇಳುವವರಂತೆ ಹೋಗಬಹುದು.

ಆದರೂ ಕಾನೂನು ಮುಟ್ಟಲಾರದ ಸ್ಥಳವೊಂದುಂಟು. ಅದು ನಮ್ಮ ಮನಸ್ಸು. ಕುರುಡನ ಮುಂದೆ ಎಡವುಗಲ್ಲನ್ನಿಡುವದು ಪಾಪವೆಂದು ನಾವೆಲ್ಲರೂ ಬಲ್ಲೆವು. ಆದರೆ ಮೊದಲೇ ಬಿದ್ದಿರುವ ಕಲ್ಲನ್ನು ಕಂಡು, ನಾನು ಇಟ್ಟದ್ದಲ್ಲವೆಂದು ಹಾದುಹೋಗುವವನು ನಿರ್ದೋಷಿಯೋ? ಶಾಲೆಯ ಬಾಗಲಿನ ಮೂರು ಮೆಟ್ಟಲುಗಳನ್ನು ಯಾರೂ ಹಗೆಯಿಂದ ಕಟ್ಟಲಿಲ್ಲ. ಆದರೆ ಕಾಲಿಲ್ಲದ ಹುಡುಗನಿಗೆ ಅವು ಗೋಡೆಯಾಗಿವೆ. ಒಂದು ಇಳಿಜಾರನ್ನು ಕಟ್ಟುವದಕ್ಕೆ ಕೆಲವು ಬುಟ್ಟಿ ಜಲ್ಲಿಯೂ ಸಿಮೆಂಟೂ ಕೆಲವರ ಎರಡು ದಿನದ ದುಡಿಮೆಯೂ ಸಾಕು. ಕಿವಿ ಮಂದವಾದವನನ್ನು ಮುಂದಣ ಸಾಲಿನಲ್ಲಿ ಕೂರಿಸಿ, ಅವನ ಕಡೆಗೆ ಮುಖವಿಟ್ಟು ಮಾತಾಡುವದಕ್ಕೆ ಒಂದು ಕಾಸೂ ಬೇಡ. ಒಬ್ಬನೇ ಉಪಾಧ್ಯಾಯನು ಅನೇಕ ಮಕ್ಕಳನ್ನು ನೋಡಿಕೊಳ್ಳುವ ಊರಿನಲ್ಲಿ ಈ ಭಾರವನ್ನು ಅವನೊಬ್ಬನ ಹೆಗಲಿಗೇ ಬಿಡುವದು ಧರ್ಮವಲ್ಲ. ಊರೂ ಅದರಲ್ಲಿ ಪಾಲು ತೆಗೆದುಕೊಳ್ಳಬೇಕು.

ಇನ್ನೊಂದು ಮಾತು. ಇಂಥ ಮಕ್ಕಳ ಪರವಾಗಿ ಮಾತಾಡುವಾಗ ನಾವು ಗದುಗಿನ ಪುಟ್ಟರಾಜ ಗವಾಯಿಗಳಂಥವರನ್ನು ತೋರಿಸುತ್ತೇವೆ. ಅವರು (1914–2010) ಕಣ್ಣಿಲ್ಲದಿದ್ದರೂ ಸಂಗೀತದಲ್ಲಿ ಪ್ರಖ್ಯಾತರಾಗಿ ಅನೇಕ ಅಂಧ ಮಕ್ಕಳಿಗೆ ಆಶ್ರಯವಾದರು. ಇದು ಧೈರ್ಯ ಕೊಡುವ ಮಾತು, ಅಪಾಯವೂ ಇದರಲ್ಲಿದೆ. ಪ್ರಖ್ಯಾತಿಗೆ ಬರುವವರಿಗೆ ಮಾತ್ರ ಕಂಬಿಯನ್ನು ನಿಲ್ಲಿಸುವೆವೋ? ಎಷ್ಟು ಸಹಾಯ ಮಾಡಿದರೂ ತನ್ನ ಹೆಸರನ್ನು ಬರೆಯುವದಕ್ಕಿಂತ ಹೆಚ್ಚು ಕಲಿಯಲಾರದ ಮಗುವೂ ಉಂಟು. ಅದಕ್ಕೆ ಶಾಲೆಯು ಸಲ್ಲುವದು ಅದು ಮುಂದೆ ಏನಾಗುವದೋ ಎಂಬ ಲೆಕ್ಕದಿಂದಲ್ಲ. ಅದು ನಮ್ಮ ಊರಿನ ಮಗು ಎಂಬ ಕಾರಣದಿಂದಲೇ.

ಆದದರಿಂದ, ನಾಚಿಕೆಯಿಂದಲೋ ಭಯದಿಂದಲೋ ಮಗುವನ್ನು ಮನೆಯೊಳಗೆ ಇಟ್ಟುಕೊಂಡವರು ನಿಮ್ಮ ಬೀದಿಯಲ್ಲಿದ್ದರೆ, ಈ ಬರುವ ಸೋಮವಾರ ಅವರ ಬಾಗಲಿಗೆ ಹೋಗಿರಿ; ಆ ಮಗುವಿನೊಂದಿಗೂ ಅದರ ತಾಯಿಯೊಂದಿಗೂ ಶಾಲೆಯ ತನಕ ನಡೆಯಿರಿ.