ಮೆರುಗು ಮತ್ತು ಯಥಾರ್ಥ



ಪ್ರಾಣಹರಣಕ್ಕೆಂದೇ ನಿರ್ಮಿತವಾದ ಆಯುಧವೊಂದನ್ನು ಮುಂದಿಟ್ಟುಕೊಂಡು ಸತ್ಯದ ಜಿಜ್ಞಾಸೆಗೆ ತೊಡಗುವುದು ತಮಗೆ ವಿಚಿತ್ರವೆನಿಸಬಹುದು. ಆದರೆ ಕಲಿಯಬಯಸುವವನಿಗೆ ಯಾವ ವಸ್ತುವೂ ಗುರುವಾಗಬಲ್ಲುದು.

ಸ್ಯಾಮ್ಯುಯೆಲ್ ಕೋಲ್ಟನು ಅಮೆರಿಕದಲ್ಲಿ ತನ್ನ ರಿವಾಲ್ವರಿಗೆ ಹಕ್ಕುಪತ್ರ ಪಡೆದದ್ದು 1836ರಲ್ಲಿ. ಅವನ ಮರಣಾನಂತರ, ಅವನ ಹೆಸರಿನ ಕಂಪನಿಯು ಹಾರ್ಟ್‌ಫರ್ಡ್ ನಗರದಲ್ಲಿ ತಯಾರಿಸಿದ 1873ರ ಮಾದರಿಯನ್ನು ಆ ದೇಶದ ಸೈನ್ಯವು ಅಂಗೀಕರಿಸಿತು. ಇಂತಹ ಹಳೆಯ ರಿವಾಲ್ವರುಗಳನ್ನು ಸಂಗ್ರಹಿಸುವವರು ಅಲ್ಲಿ ಇಂದಿಗೂ ಅನೇಕರಿದ್ದಾರೆ.

ಬಲ್ಲವನು ಅದನ್ನು ಪರೀಕ್ಷಿಸುವ ಬಗೆಯನ್ನು ನೋಡಿ. ಒಳಗೆ ಗುಂಡಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳುತ್ತಾನೆ. ಚೌಕಟ್ಟು, ಟ್ರಿಗರಿನ ಕಾವಲುಬಳೆ, ಹಿಡಿಯ ಬೆನ್ನುಪಟ್ಟಿ ಇವುಗಳ ಮೇಲಿನ ಸಂಖ್ಯೆಗಳು ಒಂದೇ ಆಗಿವೆಯೇ ಎಂದು ತಾಳೆ ನೋಡುತ್ತಾನೆ. ಸಿಲಿಂಡರು ತನ್ನ ಸ್ಥಾನದಲ್ಲಿ ಭದ್ರವಾಗಿ ನಿಲ್ಲುವುದೇ, ನಳಿಗೆಯ ಒಳಮೈಯನ್ನು ತುಕ್ಕು ತಿಂದಿದೆಯೇ ಎಂದು ಶೋಧಿಸುತ್ತಾನೆ. ಕೊನೆಗೆ ಉಕ್ಕಿನ ನೀಲಿಗಪ್ಪು ಮೆರುಗಿನತ್ತ ಬರುತ್ತಾನೆ. ಕಣ್ಣು ಕೋರೈಸುವ ಹೊಳಪನ್ನು ಕಂಡಾಗ ಅವನು ಹಿಗ್ಗುವುದಿಲ್ಲ; ಸಂಶಯಪಡುತ್ತಾನೆ. ಹೊಸ ಮೆರುಗು ಕೊಡಬೇಕಾದರೆ ಮೊದಲು ಉಕ್ಕನ್ನು ಉಜ್ಜಬೇಕು. ಹಾಗೆ ಉಜ್ಜಿದಾಗ ಅಂಚುಗಳು ದುಂಡಗಾಗುತ್ತವೆ, ತಿರುಪಿನ ಕುಳಿಗಳು ಅಗಲವಾಗುತ್ತವೆ, ಕೊರೆದ ಅಕ್ಷರಗಳು ಮಾಸುತ್ತವೆ.

ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘವು ಪುರಾತನ ಬಂದೂಕುಗಳಿಗೆ ಗೊತ್ತುಪಡಿಸಿರುವ ದರ್ಜೆಗಳಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಮೂಲ ಮೆರುಗು ಲವಲೇಶವೂ ಉಳಿಯದಿದ್ದರೂ, ಭಾಗಗಳೆಲ್ಲವೂ ಮೂಲದವಾಗಿದ್ದು ಅಂಚುಗಳು ಚೂಪಾಗಿದ್ದರೆ ಆ ಆಯುಧವು ‘ಬಹಳ ಚೆನ್ನಾದುದು’ ಎನಿಸಿಕೊಳ್ಳಬಹುದು. ಹೊಸದಾಗಿ ಮೆರುಗು ಕೊಟ್ಟದ್ದಾದರೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಚೆನ್ನಾದುದು’ ಎಂಬ ದರ್ಜೆಗೆ ಇಳಿಯುತ್ತದೆ. ಬಳಕೆಯಿಂದ ಸವೆದುದು ಅದರ ಚರಿತ್ರೆ. ಉಜ್ಜಿ ಅಳಿಸಿದುದು ಆ ಚರಿತ್ರೆಯ ನಾಶ.

ಈಗ ಪ್ರಶ್ನೆಗೆ ಬರೋಣ. ಮೆರುಗು ಹೊಸದೆಂದು ಮಾರುವವನು ಬಲ್ಲ, ಕೊಳ್ಳುವವನು ಕೇಳಲಿಲ್ಲ. “ನಾನು ಸುಳ್ಳಾಡಲಿಲ್ಲವಲ್ಲ, ಸುಮ್ಮನಿದ್ದೆನಷ್ಟೆ” ಎಂದು ಅವನು ವಾದಿಸಿದರೆ ಆ ವಾದವು ನಿಲ್ಲುವುದೇ? ನಿಲ್ಲದೆಂದೇ ನನ್ನ ಅಭಿಪ್ರಾಯ. ಅವನ ನಾಲಗೆ ಸುಮ್ಮನಿದ್ದರೂ ಆ ಹೊಳಪು ಅವನ ಪರವಾಗಿ ಮಾತನಾಡುತ್ತಲೇ ಇತ್ತು. ಆ ಮಾತಿನ ಲಾಭವನ್ನು ಪಡೆದವನು ಅದರ ಹೊಣೆಯನ್ನೂ ಹೊರಬೇಕಾಗುತ್ತದೆ. ದುರಸ್ತಿಯು ದೋಷವಲ್ಲ, “ಇದು ದುರಸ್ತಿಯಾದದ್ದು” ಎಂದು ಹೇಳಿ ಮಾರಿದರೆ ಅಲ್ಲಿ ವಂಚನೆಯ ಸೋಂಕಿಲ್ಲ. ಪಿತ್ರಾರ್ಜಿತವಾಗಿ ಬಂದ ವಸ್ತುವಿನ ಪೂರ್ವವೃತ್ತಾಂತವನ್ನು ಅರಿಯದವನು “ನನಗೆ ತಿಳಿಯದು” ಎಂದರೂ ಸಾಕು, ಅದೂ ಸತ್ಯವೇ.

ಈ ನಿಕಷಕ್ಕೆ ನಮ್ಮನ್ನೂ ಒಡ್ಡಿಕೊಳ್ಳಬೇಡವೇ? ನಮ್ಮ ಹಿರಿಯರು ಗತಿಸಿದಾಗ ನಾವು ಸ್ಮರಣ ಸಂಚಿಕೆಗಳನ್ನು ಹೊರತರುತ್ತೇವೆ. ಅವರ ಮುಂಗೋಪ, ಕೈಗೂಡದ ಕಾರ್ಯ, ಒಮ್ಮೆ ತಪ್ಪಿ ತಿದ್ದಿಕೊಂಡ ಹೆಜ್ಜೆ ಇವೆಲ್ಲವನ್ನೂ ಗೌರವದ ಹೆಸರಿನಲ್ಲಿ ಉಜ್ಜಿಬಿಡುತ್ತೇವೆ. ಕಳಂಕದೊಡನೆ ಅವರ ಮುಖಲಕ್ಷಣವೂ ಮಾಸುತ್ತದೆ. ಎಲ್ಲ ಹಿರಿಯರೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ತೋರುತ್ತಾರೆ. ಅದನ್ನೋದುವ ತರುಣನು, “ಎಡವದವರಷ್ಟೇ ದೊಡ್ಡವರಾಗುವರು, ನಾನೋ ಎಡವಿದವನು” ಎಂದು ಕೈಚೆಲ್ಲಿ ಕೂರುತ್ತಾನೆ. ಈ ನಷ್ಟಕ್ಕೆ ಹೊಣೆ ಯಾರು?

ಪರರ ದೋಷವನ್ನು ಆಡಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಸವೆದುದನ್ನು ಸವೆದಂತೆಯೇ, ಪ್ರೀತಿಯಿಂದ ತೋರಿಸುವ ಧೈರ್ಯ ನಮಗಿರಲಿ. ಮುಂದಿನ ಬಾರಿ ಹಿರಿಯರೊಬ್ಬರನ್ನು ಕುರಿತು ಬರೆಯಲು ಕುಳಿತಾಗ ತಾವು ಈ ಮಾತನ್ನು ನೆನೆದರೆ ನಾನು ಧನ್ಯ.